ಅಮ್ಮನ ಮೂರು ಗಂಟೆಗೆ ದುಡ್ಡು ಬಂತು, ನನ್ನ ಏಳು ಗಂಟೆಗೆ ಬರಲಿಲ್ಲ

ಕಳೆದ ವರ್ಷ ನಮ್ಮ ಮನೆಯಿಂದ ಕಂಪನಿಯ ಹೆಲ್ತ್ ಇನ್ಶೂರೆನ್ಸ್‌ಗೆ ಎರಡು ಬಿಲ್ ಹೋದವು. ಒಂದು ಅಮ್ಮನ ಕಣ್ಣಿನ ಪೊರೆ ಆಪರೇಷನ್ನಿನದು. ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಹೋದೆ. ಡ್ರಾಪ್ಸ್ ಹಾಕಿ ಕೂರಿಸಿದರು. ಥಿಯೇಟರ್ ಒಳಗಿದ್ದದ್ದು ಅರ್ಧ ಗಂಟೆಯೂ ಇಲ್ಲ. ಹನ್ನೊಂದಕ್ಕೆಲ್ಲ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಾ, ಚಟ್ನಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದರು.

ಇನ್ನೊಂದು ನನ್ನದು. ಮದುವೆ ಊಟ ಹೊಟ್ಟೆಗೆ ಒಗ್ಗಲಿಲ್ಲ. ರಾತ್ರಿ ಹನ್ನೊಂದಕ್ಕೆ ವಾಂತಿ-ಭೇದಿ ಜೋರಾಗಿ, ಎಮರ್ಜೆನ್ಸಿಯಲ್ಲಿ ಮಲಗಿಸಿದರು. ಮೂರು ಬಾಟಲ್ ಡ್ರಿಪ್, ಒಂದಷ್ಟು ಇಂಜೆಕ್ಷನ್, ರಕ್ತ ಪರೀಕ್ಷೆ. ಬೆಳಿಗ್ಗೆ ಆರಕ್ಕೆ ಮನೆಗೆ ಕಳಿಸಿದರು. ಬಿಲ್ 9,400 ರೂಪಾಯಿ.

ಅಮ್ಮನ ಬಿಲ್ ಕ್ಯಾಶ್‌ಲೆಸ್‌ನಲ್ಲಿ ಪಾಸಾಯಿತು. ನನ್ನದಕ್ಕೆ ಹತ್ತು ದಿನದ ಮೇಲೆ ಒಂದು ಸಾಲಿನ ಮೇಲ್ ಬಂತು: 24 ಗಂಟೆ ಅಡ್ಮಿಷನ್ ಇಲ್ಲ, ಡೇ ಕೇರ್‌ಗೂ ಸೇರುವುದಿಲ್ಲ, ಒಪಿಡಿ ಕವರ್ ಇಲ್ಲ. ಇಬ್ಬರಲ್ಲಿ ಜಾಸ್ತಿ ಒದ್ದಾಡಿದವನು ನಾನು, ಜಾಸ್ತಿ ಹೊತ್ತು ಮಲಗಿದವನೂ ನಾನೇ. ಮೊದಲು ಸಿಟ್ಟು ಬಂತು. ಆಮೇಲೆ ಪಾಲಿಸಿ ತೆಗೆದು ಓದಿದೆ. ಓದಿದ ಮೇಲೆ ಇನ್ನೊಂದು ಥರದ ಸಿಟ್ಟು ಬಂತು. ಯಾಕೆಂದರೆ ಆ ಮೇಲ್‌ನಲ್ಲಿದ್ದ ಮೂರೂ ಮಾತು ನಿಯಮದ ಪ್ರಕಾರ ಸರಿಯಾಗಿಯೇ ಇದ್ದವು.

ಆಫೀಸಿನಿಂದ ಸಿಗುವ ಗ್ರೂಪ್ ಪಾಲಿಸಿಯಲ್ಲಿ ಚಿಕಿತ್ಸೆಗೆ ಮೂರು ಬಾಗಿಲು. 24 ಗಂಟೆ ಮೀರಿ ಮಲಗಿದರೆ ಅದು ಒಳರೋಗಿಯ ಬಾಗಿಲು. 24 ಗಂಟೆಯೊಳಗೆ ಮುಗಿಯುವ, ಆದರೆ ನಿಜವಾದ ಆಪರೇಷನ್ ಅಥವಾ ಚಿಕಿತ್ಸೆಯಾದರೆ ಡೇ ಕೇರ್. ಡಾಕ್ಟರನ್ನು ನೋಡಿ, ಟೆಸ್ಟ್ ಮಾಡಿಸಿ, ಮಾತ್ರೆ ತಗೊಂಡು ಮನೆಗೆ ಬಂದರೆ ಒಪಿಡಿ. ಮೊದಲ ಎರಡು ಬಾಗಿಲು ಹೆಚ್ಚುಕಮ್ಮಿ ಎಲ್ಲ ಪಾಲಿಸಿಯಲ್ಲೂ ತೆರೆದಿರುತ್ತವೆ. ಮೂರನೆಯದು ಮಾಮೂಲಿಯಾಗಿ ಮುಚ್ಚಿರುತ್ತದೆ. ಕಾಯಿಲೆ ಎಷ್ಟು ಜೋರು, ನೋವು ಎಷ್ಟು ಅನ್ನೋದನ್ನು ಈ ಬಾಗಿಲುಗಳು ಕೇಳುವುದಿಲ್ಲ. ಹಾಸಿಗೆ ಹಿಡಿದಿರಾ, ಎಷ್ಟು ಹೊತ್ತು, ಯಾವುದಕ್ಕೆ? ಇಷ್ಟೇ ಪ್ರಶ್ನೆ.

ಈ 24 ಗಂಟೆ ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಮೆಡಿಕ್ಲೈಮ್ ಶುರುವಾದದ್ದು 1986ರಲ್ಲಿ, ಸರ್ಕಾರಿ ವಿಮಾ ಕಂಪನಿಗಳಿಂದ. ಆಗಿನ ಕಾಲಕ್ಕೆ ಆ ಲೆಕ್ಕದಲ್ಲಿ ಅರ್ಥವಿತ್ತು. ದೊಡ್ಡ ಕಾಯಿಲೆ ಅಂದರೆ ಆಸ್ಪತ್ರೆ ವಾಸ, ಆಸ್ಪತ್ರೆ ವಾಸ ಅಂದರೆ ದೊಡ್ಡ ಖರ್ಚು. ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜ-ಅಜ್ಜಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಆ ಕಡೆ ಈ ಕಡೆ ತಿರುಗಿಸಬಾರದು ಅಂತ ದಿನಗಟ್ಟಲೆ ಮಲಗುತ್ತಿದ್ದರು. ಕ್ಯಾರಿಯರ್‌ನಲ್ಲಿ ಗಂಜಿ ಹೊತ್ತು ಹೋದವರು ಈಗಲೂ ಎಷ್ಟೋ ಮನೆಗಳಲ್ಲಿದ್ದಾರೆ. ಹಾಸಿಗೆ ಹಿಡಿದ ಹೊತ್ತನ್ನೇ ಕಾಯಿಲೆಯ ಅಳತೆಗೋಲು ಮಾಡಿದ್ದು ಸುಲಭವೂ ಆಗಿತ್ತು, ಮೋಸಕ್ಕೆ ಒಂದು ತಡೆಯೂ ಆಗಿತ್ತು.

ಆಮೇಲೆ ವೈದ್ಯಕೀಯ ಹಾಸಿಗೆ ಬಿಟ್ಟು ಎದ್ದು ನಡೆಯಿತು. ಲೇಸರ್, ಎಂಡೋಸ್ಕೋಪ್, ಒಳ್ಳೆಯ ಅರಿವಳಿಕೆ ಬಂದವು. ಪಾಲಿಸಿ ಮಾತ್ರ ಅದರ ಹಿಂದೆ ಏದುಸಿರು ಬಿಡುತ್ತಾ ಬರುತ್ತಿದೆ. ಹಳೆ ಮೆಡಿಕ್ಲೈಮ್‌ನಲ್ಲಿ 24 ಗಂಟೆ ನಿಯಮಕ್ಕೆ ವಿನಾಯಿತಿ ಪಡೆದವು ಡಯಾಲಿಸಿಸ್, ಕೀಮೋಥೆರಪಿ, ರೇಡಿಯೋಥೆರಪಿ, ಕಣ್ಣಿನ ಆಪರೇಷನ್, ಕಿಡ್ನಿ ಕಲ್ಲು ಒಡೆಯುವುದು, ಟಾನ್ಸಿಲ್ ತೆಗೆಯುವುದು, ಡಿ ಅಂಡ್ ಸಿ (ಗರ್ಭಕೋಶದ ಒಳಪದರ ಕೆರೆದು ತೆಗೆಯುವುದು), ಹೀಗೆ ಕೈಬೆರಳಲ್ಲಿ ಎಣಿಸುವಷ್ಟು. ಈಗ ಪಾಲಿಸಿಗಳ ಪಟ್ಟಿ ನೂರು ದಾಟಿ ಬೆಳೆದಿದೆ. ಕೆಲವರು ಪಟ್ಟಿಯನ್ನೇ ಬಿಟ್ಟು ‘ಎಲ್ಲ ಡೇ ಕೇರ್ ಚಿಕಿತ್ಸೆ’ ಅಂತ ಬರೆಯುತ್ತಾರೆ.

‘ಎಲ್ಲ’ ಅನ್ನೋ ಆ ಪದಕ್ಕೆ ಮೋಸಹೋಗಬೇಡಿ. ಡೇ ಕೇರ್ ಅಂದರೇನು ಅನ್ನೋದನ್ನು ವಿಮಾ ನಿಯಂತ್ರಕ ಐಆರ್‌ಡಿಎಐ ವ್ಯಾಖ್ಯಾನಿಸಿದೆ, ಎಲ್ಲ ಕಂಪನಿಗಳೂ ಅದನ್ನೇ ಬಳಸಬೇಕು. ಅದರಲ್ಲಿ ಜರಡಿಗಳಿವೆ. ಚಿಕಿತ್ಸೆ ಜನರಲ್ ಅಥವಾ ಲೋಕಲ್ ಅನಸ್ತೇಶಿಯಾದಲ್ಲಿ, ಆಸ್ಪತ್ರೆ ಅಥವಾ ಡೇ ಕೇರ್ ಸೆಂಟರಿನಲ್ಲಿ ನಡೆಯಬೇಕು. ತಂತ್ರಜ್ಞಾನ ಮುಂದುವರಿದ ಕಾರಣಕ್ಕೇ ಅದು 24 ಗಂಟೆಯೊಳಗೆ ಮುಗಿದಿರಬೇಕು. ಅಂದರೆ ಈ ತಂತ್ರಜ್ಞಾನ ಇಲ್ಲದಿದ್ದರೆ ಅದಕ್ಕೆ 24 ಗಂಟೆಗಿಂತ ಜಾಸ್ತಿ ಮಲಗಬೇಕಾಗಿತ್ತು ಅನ್ನುವಂತಿರಬೇಕು. ಕೊನೆಗೊಂದು ಬಾಲ: ಸಾಮಾನ್ಯವಾಗಿ ಒಪಿಡಿಯಲ್ಲೇ ಮಾಡುವ ಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ.

ನನ್ನ ಡ್ರಿಪ್ಪನ್ನು ಈ ಜರಡಿಗೆ ಹಾಕಿ ನೋಡಿ. ಅನಸ್ತೇಶಿಯಾ ಇಲ್ಲ. ಸಲೈನ್ ಏರಿಸುವುದರಲ್ಲಿ ಹೊಸ ತಂತ್ರಜ್ಞಾನವೇನಿದೆ? ನಮ್ಮೂರಿನ ಕಾಂಪೌಂಡರ್ ಮೂವತ್ತು ವರ್ಷದ ಹಿಂದೆಯೂ ಅದನ್ನೇ ಮಾಡುತ್ತಿದ್ದರು. ಎರಡೂ ಕಡೆ ಫೇಲ್. ಅಮ್ಮನ ಕಣ್ಣು ಎರಡೂ ಕಡೆ ಪಾಸು. ಹಲ್ಲಿನ ರೂಟ್ ಕೆನಾಲ್ ಕಥೆಯೂ ಹೀಗೇ. ಲೋಕಲ್ ಅನಸ್ತೇಶಿಯಾ ಇದೆ, ನೋವೂ ಇದೆ, ಬಿಲ್ಲಂತೂ ಇದ್ದೇ ಇದೆ. ಆದರೆ ಅದು ಯಾವತ್ತಿಗೂ ಕ್ಲಿನಿಕ್ ಕುರ್ಚಿಯಲ್ಲೇ ಆಗುವ ಕೆಲಸ, ಹಾಗಾಗಿ ಒಪಿಡಿ.

ಗಡಿರೇಖೆಯ ಮೇಲೆ ನಿಂತ ಒಂದು ಚಿಕಿತ್ಸೆ ಈ ಜಗ್ಗಾಟವನ್ನು ಚೆನ್ನಾಗಿ ತೋರಿಸುತ್ತದೆ. ಶುಗರ್ ಜಾಸ್ತಿಯಾಗಿ ರೆಟಿನಾ ಕೆಟ್ಟವರಿಗೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡುತ್ತಾರೆ. ಹತ್ತು ನಿಮಿಷದ ಕೆಲಸ, ಆದರೆ ಔಷಧಿ ದುಬಾರಿ, ಒಂದರ ಮೇಲೊಂದು ಡೋಸ್ ಬೇಕು. ‘ಇದು ಬರೀ ಇಂಜೆಕ್ಷನ್, ಒಪಿಡಿ’ ಅಂತ ವರ್ಷಗಟ್ಟಲೆ ಕ್ಲೈಮ್‌ಗಳು ವಾಪಸ್ ಬಂದವು. 2019ರಲ್ಲಿ ಐಆರ್‌ಡಿಎಐ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂದಿತು. ಕಣ್ಣಿನ ಇಂಜೆಕ್ಷನ್, ರೋಬೋಟಿಕ್ ಸರ್ಜರಿ, ಮಾತ್ರೆ ರೂಪದ ಕೀಮೋ ಎಲ್ಲ ಅದರಲ್ಲಿವೆ. ಆದರೆ ಮಿತಿ ಹಾಕಬಾರದು ಅಂತ ಹೇಳಲಿಲ್ಲ. ಹಾಗಾಗಿ ಈಗ ‘ಕೊಡುವುದಿಲ್ಲ’ ಅನ್ನುವುದರ ಬದಲು ‘ಇಷ್ಟೇ ಕೊಡುತ್ತೇವೆ’ ಅನ್ನುತ್ತಾರೆ. ಪೊರೆ ಆಪರೇಷನ್ನಿಗೂ ಇಂಥ ಮಿತಿ ಮಾಮೂಲು. 2020ರಲ್ಲಿ ಬಂದ ಆರೋಗ್ಯ ಸಂಜೀವನಿ ಅನ್ನೋ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಒಂದು ಕಣ್ಣಿಗೆ 40,000 ರೂಪಾಯಿ ಅಥವಾ ವಿಮಾ ಮೊತ್ತದ ಶೇ. 25, ಯಾವುದು ಕಮ್ಮಿಯೋ ಅದು. ಅದಕ್ಕಿಂತ ದುಬಾರಿ ಲೆನ್ಸ್ ಬೇಕಾದರೆ ಮಿಕ್ಕಿದ್ದು ನಮ್ಮ ಜೇಬಿನಿಂದ.

ಈ ವಿಷಯದಲ್ಲಿ ನಿಜವಾದ ಗೋಜಲು ಇರುವುದು 24 ಗಂಟೆಯ ಆಸುಪಾಸಿನಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೆಂಗಳೂರಿನಲ್ಲಿ ಮಳೆ ಶುರುವಾದರೆ ಡೆಂಗಿ. ಮೂರು ದಿನ ಜ್ವರ, ಪ್ಲೇಟ್‌ಲೆಟ್ ಇಳಿಯುತ್ತಿದೆ. ಆಸ್ಪತ್ರೆಗೆ ಹೋದರೆ ಮೊದಲ ಪ್ರಶ್ನೆ ಕೌಂಟರಿನಲ್ಲಿ: ‘ಸಾರ್, ಕ್ಯಾಶಾ, ಇನ್ಶೂರೆನ್ಸಾ?’ ಇನ್ಶೂರೆನ್ಸ್ ಅಂದ ಕೂಡಲೇ ಕೆಲವು ಕಡೆ ಮಾತಿನ ಧಾಟಿ ಬದಲಾಗುತ್ತದೆ. ‘ಹಾಗಾದ್ರೆ ಒಂದಿನ ಇರಿ, ಅಬ್ಸರ್ವೇಷನ್‌ಗೆ ಇಡೋಣ.’ ನಮಗೂ ಖುಷಿ. ಹೇಗೂ ಕಂಪನಿ ಕೊಡುತ್ತೆ ಅಲ್ವಾ? ಮನೆಯಲ್ಲಿದ್ದರೆ ಟೆಸ್ಟಿನ ದುಡ್ಡು ಕೈಯಿಂದ ಹೋಗುತ್ತೆ, ಇಲ್ಲಿ ಮಲಗಿದರೆ ಇಲ್ಲ.

ಎಷ್ಟೋ ಕ್ಲೈಮ್ ಸಿಕ್ಕಿಬೀಳುವುದು ಇಲ್ಲೇ. ವಿಮಾ ಕಂಪನಿಯ ಪರವಾಗಿ ಕ್ಲೈಮ್ ನೋಡುವ ಟಿಪಿಎ ಅನ್ನೋ ಸಂಸ್ಥೆಯ ಕಚೇರಿಯಲ್ಲಿ ಕೂತ ಡಾಕ್ಟರ್ ಕೇಸ್ ಶೀಟ್ ಓದುತ್ತಾರೆ. ಬರೀ ಪ್ಯಾರಸಿಟಮಾಲ್ ಮಾತ್ರೆ, ದಿನಕ್ಕೊಂದು ರಕ್ತ ಪರೀಕ್ಷೆ, ನಾರ್ಮಲ್ ಬಿಪಿ ಕಂಡರೆ ಅವರ ಬಳಿ ಒಂದು ಸಿದ್ಧ ವಾಕ್ಯವಿದೆ: ‘ಆಕ್ಟಿವ್ ಲೈನ್ ಆಫ್ ಟ್ರೀಟ್‌ಮೆಂಟ್ ಇಲ್ಲ, ಒಪಿಡಿಯಲ್ಲೇ ಮುಗಿಯುತ್ತಿತ್ತು.’ ಅಂದರೆ ಮಲಗಿಸಿಯೇ ಮಾಡಬೇಕಾದ ಚಿಕಿತ್ಸೆ ಏನೂ ನಡೆದಿಲ್ಲ ಅಂತ. ಬರೀ ಪರೀಕ್ಷೆಗಾಗಿ ಅಡ್ಮಿಟ್ ಆದರೆ ದುಡ್ಡು ಕೊಡಬೇಕಿಲ್ಲ ಅನ್ನೋದು ಎಲ್ಲ ಪಾಲಿಸಿಗಳಲ್ಲಿರುವ ಸ್ಟ್ಯಾಂಡರ್ಡ್ ಹೊರಗಿಡುವಿಕೆ, ಅದಕ್ಕೊಂದು ಕೋಡ್ ನಂಬರೇ ಇದೆ: ನಾಲ್ಕು. ಅಂದರೆ 24 ಗಂಟೆ ತುಂಬಿಸಿದ ಮಾತ್ರಕ್ಕೆ ಒಳರೋಗಿಯಾಗುವುದಿಲ್ಲ. ಮಲಗುವ ಅಗತ್ಯ ಇತ್ತು ಅಂತ ಕಾಗದದಲ್ಲಿ ಕಾಣಬೇಕು.

ಅದಕ್ಕೇ ಡಿಸ್ಚಾರ್ಜ್ ಸಮರಿಯನ್ನು ಬ್ಯಾಗಿಗೆ ತುರುಕುವ ಮೊದಲು ಅಲ್ಲೇ ನಿಂತು ಓದಿ. ಅಡ್ಮಿಷನ್ ಆದ ಟೈಮ್ ಸರಿಯಾಗಿದೆಯಾ? ಎಷ್ಟು ಸಲ ವಾಂತಿಯಾಯಿತು, ಬಿಪಿ ಎಷ್ಟಿಳಿದಿತ್ತು, ಬಾಯಲ್ಲಿ ನೀರೂ ನಿಲ್ಲುತ್ತಿರಲಿಲ್ಲವೇ, ಪ್ಲೇಟ್‌ಲೆಟ್ ಯಾವ ದಿನ ಎಷ್ಟಿತ್ತು, ಯಾಕೆ ಡ್ರಿಪ್ ಹಾಕಬೇಕಾಯಿತು? ಡ್ಯೂಟಿ ಡಾಕ್ಟರ್ ಅವಸರದಲ್ಲಿ ‘ಅಬ್ಸರ್ವೇಷನ್’ ಅಂತ ಒಂದೇ ಪದ ಗೀಚಿ ಬಿಟ್ಟಿದ್ದರೆ, ನಡೆದದ್ದನ್ನು ಪೂರ್ತಿ ಬರೆಯಿರಿ ಅಂತ ಕೇಳಿ. ನಡೆಯದ್ದನ್ನು ಬರೆಸಬೇಡಿ. ಅದು ತಪ್ಪು ಅನ್ನೋದು ಒಂದು ಕಡೆ. ಸಿಕ್ಕಿಬಿದ್ದರೆ ಕ್ಲೈಮ್ ಹೋಗುವುದರ ಜೊತೆಗೆ ಆಫೀಸಿನಲ್ಲಿ ಕೆಲಸಕ್ಕೂ ಕುತ್ತು.

24 ಗಂಟೆ ನಿಯಮ ಕಲ್ಲಿನಲ್ಲಿ ಕೆತ್ತಿದ್ದೇನೂ ಅಲ್ಲ ಅನ್ನೋದಕ್ಕೆ ಒಂದು ತೀರ್ಪು ಸುದ್ದಿಯಾಗಿತ್ತು. 2016ರ ನವೆಂಬರಿನಲ್ಲಿ ಗುಜರಾತಿನ ಒಬ್ಬರು ಪತ್ನಿಯನ್ನು ಅಹಮದಾಬಾದಿನ ಆಸ್ಪತ್ರೆಗೆ ಸೇರಿಸಿದರು, ಮರುದಿನ ಬಿಡುಗಡೆಯಾಯಿತು. 24 ಗಂಟೆ ತುಂಬಿಲ್ಲ ಅಂತ 44,468 ರೂಪಾಯಿಯ ಕ್ಲೈಮ್ ತಿರಸ್ಕಾರವಾಯಿತು. ವಡೋದರದ ಗ್ರಾಹಕ ವೇದಿಕೆ 2023ರ ಮಾರ್ಚ್‌ನಲ್ಲಿ ದುಡ್ಡು ಕೊಡಿ ಅಂತ ಆದೇಶಿಸಿತು. ಮೊದಲು ತುಂಬಾ ದಿನ ಹಿಡಿಯುತ್ತಿದ್ದ ಚಿಕಿತ್ಸೆಗೆ ಈಗ ಅಷ್ಟು ಹೊತ್ತು ಬೇಕಿಲ್ಲ, ಅಷ್ಟಕ್ಕೇ ಕ್ಲೈಮ್ ನಿರಾಕರಿಸುವಂತಿಲ್ಲ ಅನ್ನೋದು ಅದರ ತಿರುಳು. ಇದು ಜಿಲ್ಲಾ ಮಟ್ಟದ ಆದೇಶ, ಎಲ್ಲರಿಗೂ ಅನ್ವಯಿಸುವ ಕಾನೂನಲ್ಲ. ಅವರು ಗೆಲ್ಲಲು ಆರು ವರ್ಷ ಹಿಡಿಯಿತು ಅನ್ನೋದೂ ನೆನಪಿರಲಿ.

ಇನ್ನು ಮೂರನೇ ಬಾಗಿಲು, ಒಪಿಡಿ. ಇದನ್ನು ವಿಮಾ ಕಂಪನಿಗಳು ಯಾಕೆ ಮುಚ್ಚಿಡುತ್ತವೆ? ದುರಾಸೆ ಅಂದುಬಿಡುವುದು ಸುಲಭ. ಲೆಕ್ಕ ಬೇರೆಯೇ ಇದೆ. ಸಾವಿರ ಜನ ಇರುವ ಕಂಪನಿಯಲ್ಲಿ ವರ್ಷಕ್ಕೆ ಕೆಲವೇ ಜನ ಆಪರೇಷನ್ನಿಗೆ ಹೋಗುತ್ತಾರೆ, ಮಿಕ್ಕವರ ಪ್ರೀಮಿಯಂ ಅವರನ್ನು ಹೊರುತ್ತದೆ. ಆದರೆ ನೆಗಡಿ, ಜ್ವರ, ಮಗುವಿನ ಕೆಮ್ಮು, ಥೈರಾಯ್ಡ್ ಟೆಸ್ಟ್ ಯಾರ ಮನೆಯಲ್ಲಿ ಇಲ್ಲ? ಎಲ್ಲರೂ ಖರ್ಚು ಮಾಡುವುದು ಗ್ಯಾರಂಟಿ ಆದಾಗ ಯಾರ ಭಾರವನ್ನು ಯಾರು ಹೊರುವುದು? ತಲೆಗೆ 10,000 ರೂಪಾಯಿ ಒಪಿಡಿ ಕೊಟ್ಟರೆ ಹೆಚ್ಚುಕಮ್ಮಿ ಅಷ್ಟನ್ನೂ ಪ್ರೀಮಿಯಂ ಆಗಿ ವಸೂಲಿ ಮಾಡಬೇಕು. ಅದರ ಮೇಲೆ ಆಡಳಿತದ ಖರ್ಚು. 450 ರೂಪಾಯಿಯ ಮೆಡಿಕಲ್ ಬಿಲ್ ಪರಿಶೀಲಿಸಲೂ ಒಬ್ಬ ಮನುಷ್ಯ ಕೂರಬೇಕಲ್ಲ! ಅದರ ಮೇಲೆ ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ತೆಗೆದರು, ಗ್ರೂಪ್ ಪಾಲಿಸಿಗೆ ತೆಗೆಯಲಿಲ್ಲ.

ಹಾಗಾಗಿ ಎಚ್‌ಆರ್ ‘ಈ ವರ್ಷದಿಂದ ಒಪಿಡಿ ವಾಲೆಟ್’ ಅಂತ ಬಲೂನು ಹಾಕಿದ ಮೇಲ್ ಕಳಿಸಿದಾಗ ನನಗೆ ಅಷ್ಟೇನೂ ಸಂಭ್ರಮವಾಗುವುದಿಲ್ಲ. ನಮ್ಮ ದುಡ್ಡನ್ನೇ ಇನ್ನೊಂದು ಜೇಬಿಗೆ ಹಾಕಿ, ಆ ಜೇಬಿಗೊಂದು ಝಿಪ್ ಹೊಲಿದ ಹಾಗೆ. ಇಂಥದೇ ಆ್ಯಪ್‌ನಲ್ಲಿ ಬುಕ್ ಮಾಡಬೇಕು, ನೆಟ್‌ವರ್ಕ್ ಲ್ಯಾಬ್‌ಗೇ ಹೋಗಬೇಕು, ವರ್ಷ ಮುಗಿದರೆ ಉಳಿದದ್ದು ಖೋತಾ. ಆದರೂ ಮನೆಯಲ್ಲಿ ಬಿಪಿ, ಶುಗರ್ ಮಾತ್ರೆ ತಿಂಗಳಾ ಇದ್ದರೆ ಬಿಡಬೇಡಿ, ಬಳಸಿಕೊಳ್ಳಿ. ದೊಡ್ಡ ಕಂಪನಿಗಳು ಲ್ಯಾಬ್‌ಗಳ ಜೊತೆ ಚೌಕಾಸಿ ಮಾಡಿ ದರ ಇಳಿಸಿರುತ್ತವೆ, ಲಾಭ ಇದ್ದರೆ ಅಲ್ಲಿ.

ಹಳಬರಿಗೆ ನೆನಪಿರಬಹುದು. ಮಾರ್ಚ್ ಬಂತೆಂದರೆ ಆಫೀಸಿನಲ್ಲಿ ಮೆಡಿಕಲ್ ಶಾಪ್ ಬಿಲ್ಲುಗಳ ಜಾತ್ರೆ. ವರ್ಷಕ್ಕೆ 15,000 ರೂಪಾಯಿವರೆಗಿನ ವೈದ್ಯಕೀಯ ಮರುಪಾವತಿಗೆ ತೆರಿಗೆ ಇರಲಿಲ್ಲ. 2018ರ ಬಜೆಟ್ ಅದನ್ನೂ ಸಾರಿಗೆ ಭತ್ಯೆಯ ವಿನಾಯಿತಿಯನ್ನೂ ತೆಗೆದು, ಬದಲಿಗೆ 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟಿತು. ಸುಳ್ಳು ಬಿಲ್ಲುಗಳ ಕಾಟ ತಪ್ಪಿತು, ನಿಜ. ಜೊತೆಗೆ ಸಂಬಳದ ಚೀಟಿಯಲ್ಲಿ ಒಪಿಡಿಗೆ ಅಂತ ಇದ್ದ ಒಂದು ಸಾಲೂ ಅಳಿಸಿಹೋಯಿತು.

ವಿಚಿತ್ರ ಏನು ಗೊತ್ತಾ? ಒಪಿಡಿಯನ್ನು ಕಾನೂನಿನ ಹಕ್ಕಾಗಿ ಪಡೆದಿರುವವರು ಕಮ್ಮಿ ಸಂಬಳದ ನೌಕರರು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, 1948ರ ಕಾಯ್ದೆಯಿಂದ ಶುರುವಾದದ್ದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರೊಳಗೆ. ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. 21,000 ಸಂಬಳಕ್ಕೆ ಎರಡೂ ಸೇರಿ ತಿಂಗಳಿಗೆ 840 ರೂಪಾಯಿ. ಅಷ್ಟಕ್ಕೆ ನೌಕರ ಮತ್ತು ಅವಲಂಬಿತರಿಗೆ ಡಿಸ್ಪೆನ್ಸರಿಯ ಜ್ವರದ ಮಾತ್ರೆಯಿಂದ ರಾಜಾಜಿನಗರ, ಪೀಣ್ಯದಂಥ ಇಎಸ್‌ಐ ಆಸ್ಪತ್ರೆಗಳ ಚಿಕಿತ್ಸೆವರೆಗೆ ಎಲ್ಲ. ವಿಮಾ ಮೊತ್ತ ಅನ್ನೋ ಗೆರೆಯೇ ಇಲ್ಲ, 24 ಗಂಟೆ ಪ್ರಶ್ನೆಯೂ ಇಲ್ಲ. ಕ್ಯೂ ಇದೆ, ಕಾಯಬೇಕು, ಆ ದೂರುಗಳು ಹಳೆಯವು. ಆದರೆ ವಿನ್ಯಾಸ ನೋಡಿ: ಮನುಷ್ಯ ಕಾಯಿಲೆ ಬೀಳುವ ರೀತಿಗೆ ಅದು ಹೊಂದುತ್ತದೆ.

ಈಗ ಪೀಣ್ಯದ ಒಬ್ಬ ಸೂಪರ್‌ವೈಸರ್‌ಗೆ ಸಂಬಳ 20,500ರಿಂದ 23,000ಕ್ಕೆ ಏರಿತು ಅನ್ನಿ. ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಅವರು ಇಎಸ್‌ಐನಿಂದ ಹೊರಗೆ. ಕಂಪನಿ ಮೂರು ಲಕ್ಷದ ಗ್ರೂಪ್ ಪಾಲಿಸಿ ಕೊಡುತ್ತದೆ, ಕಾರ್ಡ್ ನೋಡಲು ಚೆಂದ. ಹೆಂಡತಿಯ ಶುಗರ್ ಮಾತ್ರೆ, ಮಗಳ ವೀಸಿಂಗ್‌ನ ಇನ್ಹೇಲರ್, ಕಟ್ಟಿದ ವಂತಿಗೆಗೆ ಸಿಗುವ ಸೌಲಭ್ಯದ ಅವಧಿಯೂ ಮುಗಿದ ಮೇಲೆ, ಜೇಬಿನ ಖರ್ಚು. ಬಡ್ತಿಯ ಜೊತೆ ಒಪಿಡಿ ಹೋಯಿತು ಅನ್ನೋದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ.

ಮನಸ್ಸಿನ ಕಾಯಿಲೆಯ ವಿಷಯದಲ್ಲಂತೂ ಇದು ಹಾಸ್ಯಾಸ್ಪದ. 2017ರ ಮಾನಸಿಕ ಆರೋಗ್ಯ ಕಾಯ್ದೆ, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಿ ಅನ್ನುತ್ತದೆ. ಪಾಲಿಸಿಗಳಲ್ಲಿ ಈಗ ಆ ಸಾಲು ಇದೆ. ಆದರೆ ಡಿಪ್ರೆಶನ್ನಿಗೆ, ಆತಂಕಕ್ಕೆ ಚಿಕಿತ್ಸೆ ಎಲ್ಲಿ ನಡೆಯುತ್ತೆ? ಬಹುಪಾಲು ಕೌನ್ಸೆಲಿಂಗ್ ಕೋಣೆಯಲ್ಲಿ, ವಾರಕ್ಕೊಮ್ಮೆ ಒಂದು ಗಂಟೆ. ಅದು ಒಪಿಡಿ. ಕಾನೂನು ಕೊಟ್ಟ ಸಮಾನತೆ ಹಾಸಿಗೆಯ ಮೇಲೆ ಮಲಗಿದವರಿಗಷ್ಟೇ ತಲುಪುತ್ತದೆ.

ಮುಚ್ಚಿದ ಬಾಗಿಲಿಗೂ ಒಂದು ಕಿಟಕಿ ಇದೆ. ಅಡ್ಮಿಷನ್‌ಗೆ ಮುಂಚಿನ 30 ದಿನ, ಡಿಸ್ಚಾರ್ಜ್ ಆದಮೇಲಿನ 60 ದಿನದ ಖರ್ಚನ್ನು ಸಾಮಾನ್ಯವಾಗಿ ಪಾಲಿಸಿಗಳು ಕೊಡುತ್ತವೆ. ಅದೇ ಕಾಯಿಲೆಯದ್ದಾಗಿರಬೇಕು, ಮುಖ್ಯ ಕ್ಲೈಮ್ ಪಾಸಾಗಿರಬೇಕು, ಅಷ್ಟೇ. ಅಮ್ಮನ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ. ಆಪರೇಷನ್ನಿಗೆ ಮುಂಚಿನ ಸ್ಕ್ಯಾನ್, ರಕ್ತ ಪರೀಕ್ಷೆ, ಆಮೇಲಿನ ಡ್ರಾಪ್ಸ್ ಎಲ್ಲ ಸೇರಿ ನಾಲ್ಕು ಸಾವಿರದ ಬಿಲ್ ಮನೆಯ ಡ್ರಾಯರಿನಲ್ಲೇ ಉಳಿದವು. ಡೇ ಕೇರ್‌ಗೂ ಈ ಖರ್ಚು ಕೊಡುತ್ತಾರೆ ಅಂತ ನಮ್ಮ ಪಾಲಿಸಿಯಲ್ಲಿ ಬರೆದಿತ್ತು. ನಾನು ಓದಿದ್ದು ಗಡುವು ದಾಟಿದ ಮೇಲೆ.

ಓದಬೇಕಾದದ್ದು ಯಾವುದನ್ನು ಅನ್ನೋದೂ ಮುಖ್ಯ. ಎಚ್‌ಆರ್ ಕಳಿಸುವ ಸ್ಲೈಡುಗಳು ಜಾಹೀರಾತು ಇದ್ದ ಹಾಗೆ. ಕ್ಲೈಮ್ ತೀರ್ಮಾನವಾಗುವುದು ಪಾಲಿಸಿ ವರ್ಡಿಂಗ್, ಅಂದರೆ ಷರತ್ತುಗಳನ್ನು ಪೂರ್ತಿ ಬರೆದ ಮೂಲ ದಾಖಲೆಯ ಮೇಲೆ, ಮತ್ತು ನಿಮ್ಮ ಕಂಪನಿ ಹೆಚ್ಚುವರಿಯಾಗಿ ಸೇರಿಸಿಕೊಂಡ ಷರತ್ತುಗಳ ಮೇಲೆ. ಗ್ರೂಪ್ ಪಾಲಿಸಿ ಇರುವುದು ಕಂಪನಿ ಹೆಸರಿನಲ್ಲಿ, ನಮ್ಮ ಕೈಯಲ್ಲಿರುವುದು ಬರೀ ಇ-ಕಾರ್ಡ್. ವರ್ಡಿಂಗ್ ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ನಾಯಿ ಕಚ್ಚಿದಾಗ ಹಾಕಿಸುವ ರೇಬಿಸ್ ಲಸಿಕೆ, ಅಪಘಾತದ ಹೊಲಿಗೆ, ಎಮರ್ಜೆನ್ಸಿಯಲ್ಲಿ 24 ಗಂಟೆಗಿಂತ ಕಮ್ಮಿ ಇದ್ದರೂ ಖರ್ಚು, ಇಂಥವನ್ನು ಕೆಲವು ಕಂಪನಿಗಳು ಪ್ರೀಮಿಯಂ ಚೌಕಾಸಿಯಲ್ಲಿ ಸೇರಿಸಿಕೊಂಡಿರುತ್ತವೆ. ರಿನ್ಯೂವಲ್‌ಗೆ ಒಂದೆರಡು ತಿಂಗಳ ಮುಂಚೆ ನಾಲ್ಕು ಜನ ಒಟ್ಟಿಗೆ ಕೇಳಿದರೆ ಸೇರುವ ಸಾಧ್ಯತೆ ಜಾಸ್ತಿ. ನಾವೂ ಈ ಸಲ ಎಮರ್ಜೆನ್ಸಿ ಷರತ್ತಿಗೆ ಮೇಲ್ ಹಾಕಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಕ್ಲೈಮ್ ತಿರಸ್ಕಾರವಾದರೆ? 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ, ವಿಮಾ ಕಂಪನಿಯ ಪರಿಶೀಲನಾ ಸಮಿತಿ ಒಪ್ಪದೆ ತಿರಸ್ಕರಿಸುವಂತಿಲ್ಲ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತಲೂ ತಿಳಿಸಬೇಕು. ಒಂದು ಸಾಲಿನ ಮೇಲ್ ಬಂದರೆ ಷರತ್ತಿನ ನಂಬರ್ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನ ಕಾದರೂ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಡ, ಗ್ರೂಪ್ ಪಾಲಿಸಿಯ ದೂರನ್ನೂ ತೆಗೆದುಕೊಳ್ಳುತ್ತಾರೆ. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ, ಒಂದು ವರ್ಷದೊಳಗೆ ಹೋಗಬೇಕು.

ನನ್ನ 9,400ಕ್ಕೆ ನಾನು ಹೋಗಲಿಲ್ಲ. ಜರಡಿಯಲ್ಲಿ ನಿಲ್ಲದ್ದಕ್ಕೆ ಸುಮ್ನೆ ಯಾಕೆ ಓಡಾಡೋದು ಅನ್ನಿಸಿತು. ಮುಂದಿನ ತಿಂಗಳು ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಇದೆ. ಫ್ರಿಡ್ಜ್ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಕವರ್ ಅಂಟಿಸಿದ್ದೇನೆ. ಕನ್ಸಲ್ಟೇಷನ್ ಚೀಟಿ, ಸ್ಕ್ಯಾನ್ ಬಿಲ್, ಡ್ರಾಪ್ಸಿನ ರಸೀದಿ ಎಲ್ಲ ಈಗಿನಿಂದಲೇ ಅದರೊಳಗೆ. ಅಮ್ಮ ನಿನ್ನೆ ತರಕಾರಿ ಚೀಟಿಯನ್ನೂ ಅದರಲ್ಲೇ ಹಾಕಿದ್ದರು.